ಕ್ಲಿನಿಕ್ಕಿನ ಕ್ಯೂ ಕರಗಿಸುವುದು ಹೇಗೆ: ಟೋಕನ್ ಸಾಫ್ಟ್‌ವೇರ್ ಹಾಕಿಸುವವರಿಗೆ

ಮಂಡ್ಯದ ಅಶೋಕನಗರದಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಸಂಜೆ ನಡೆಯುವ ಒಂದು ಸಾಧಾರಣ ಕ್ಲಿನಿಕ್ ತೆಗೆದುಕೊಳ್ಳಿ. ಡಾಕ್ಟ್ರು 5:30ಕ್ಕೆ ಕೂರುತ್ತಾರೆ, 40 ಜನರನ್ನು ನೋಡುತ್ತಾರೆ, ಒಬ್ಬರಿಗೆ ಸರಾಸರಿ 6 ನಿಮಿಷ. ಒಟ್ಟು 240 ನಿಮಿಷ, ರಾತ್ರಿ 9:30ಕ್ಕೆ ಬಾಗಿಲು. ಫೋನಿನಲ್ಲಿ ಹೆಸರು ಬರೆಸಿದವರಿಗೆಲ್ಲ "ಐದೂವರೆಗೆ ಬಂದ್ಬಿಡಿ" ಅನ್ನುವುದು ರೂಢಿ. ನಲವತ್ತು ಜನವೂ ಆ ಹೊತ್ತಿಗೇ ಬಂದರೆ ಮೊದಲನೆಯವರು ಕಾಯುವುದೇ ಇಲ್ಲ, ಕೊನೆಯವರು 234 ನಿಮಿಷ ಕಾಯುತ್ತಾರೆ, ಸರಾಸರಿ 117 ನಿಮಿಷ. ಇಷ್ಟಾದರೂ ಡಾಕ್ಟ್ರು ಒಂದು ಗಳಿಗೆಯೂ ಸುಮ್ಮನೆ ಕೂತಿರುವುದಿಲ್ಲ. ಅದೇ 40 ಜನರನ್ನು ಅರ್ಧ ಗಂಟೆಗೆ ಐದು ಜನರಂತೆ ಎಂಟು ಪಾಳಿ ಮಾಡಿ ಕರೆಸಿದರೆ, ಎಲ್ಲ ಲೆಕ್ಕದಂತೆ ನಡೆದಲ್ಲಿ, ಸರಾಸರಿ 12 ನಿಮಿಷ. ಡಾಕ್ಟ್ರು ಅವರೇ, ರೋಗಿಗಳು ಅಷ್ಟೇ, ಬಾಗಿಲು ಹಾಕುವ ಹೊತ್ತೂ ಅದೇ.

ಲೆಕ್ಕದಂತೆ ಯಾವ ದಿನವೂ ನಡೆಯುವುದಿಲ್ಲ, ನಿಜ. ಆದರೂ 117ಕ್ಕೂ 12ಕ್ಕೂ ನಡುವಿನ ಅಂತರದಲ್ಲಿ ಬಹುಪಾಲು ಉಳಿಸಿಕೊಳ್ಳಬಹುದು. ಕಾಯುವ ಹೊತ್ತನ್ನು ತೀರ್ಮಾನಿಸುವುದು ಎರಡು ಸಂಗತಿ: ಜನ ಯಾವಾಗ ಬರುತ್ತಾರೆ, ಡಾಕ್ಟ್ರು ಯಾವಾಗ ಶುರು ಮಾಡುತ್ತಾರೆ. ಸಾಫ್ಟ್‌ವೇರಿನ ಮುಖ್ಯ ಕೆಲಸ ಬರುವ ಹೊತ್ತನ್ನು ಹಂಚುವುದು ಮತ್ತು ಹೊರಗೆ ಕೂತವರಿಗೆ ನಿಜವಾದ ಹೊತ್ತು ಹೇಳುವುದು. ಗೋಡೆಯ ಟಿ.ವಿ.ಯಲ್ಲಿ ನಂಬರ್ ಓಡಿಸುವುದು ಆಮೇಲಿನ ಮಾತು.

ಮೊದಲು ಎರಡು ವಾರ ಅಳೆಯಿರಿ

ಯಾವ ಕಂಪನಿಯನ್ನೂ ಡೆಮೋಗೆ ಕರೆಯುವ ಮೊದಲು ಗೂಗಲ್ ಶೀಟ್‌ನಲ್ಲೋ ಎಕ್ಸೆಲ್‌ನಲ್ಲೋ ಒಂದು ಹಾಳೆ ತೆರೆಯಿರಿ. ಕಾಲಂಗಳು ಇಷ್ಟು ಸಾಕು: ಟೋಕನ್, ಯಾವ ಬಗೆ (ಹೊಸಬರು, ಹಳಬರು, ರಿಪೋರ್ಟ್ ತೋರಿಸುವವರು), ಬರಲು ಹೇಳಿದ ಹೊತ್ತು, ಬಂದ ಹೊತ್ತು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಹೊತ್ತನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಸೆಮಿಕೋಲನ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಆ ಕ್ಷಣದ ಸಮಯ ಆ ಚೌಕಕ್ಕೆ ಬಂದು ಕೂರುತ್ತದೆ. ಕೈಯಲ್ಲಿ ಬರೆದರೆ ಎಲ್ಲವೂ 5:30, 5:45, 6:00 ಅಂತ ದುಂಡಗಾಗಿಬಿಡುತ್ತವೆ, ಆ ಲೆಕ್ಕ ಯಾವ ಉಪಯೋಗಕ್ಕೂ ಬಾರದು. ಒಳಗೆ ಹೋದ ಹೊತ್ತಿನಿಂದ ಬಂದ ಹೊತ್ತು ಕಳೆದು 1440ರಿಂದ ಗುಣಿಸಿದರೆ ಕಾದ ಸಮಯ ನಿಮಿಷದಲ್ಲಿ ಸಿಗುತ್ತದೆ.

ಡಾಕ್ಟ್ರು ಮೊದಲ ರೋಗಿಯನ್ನು ಕರೆದ ಹೊತ್ತನ್ನು ಪ್ರತಿದಿನ ಬೇರೆಯಾಗಿ ಬರೆದಿಡಿ. ಹಗಲು ಆಸ್ಪತ್ರೆ, ಸಂಜೆ ಸ್ವಂತ ಕ್ಲಿನಿಕ್ ನಡೆಸುವವರಿಗೆ ರೌಂಡ್ಸ್ ತಡವಾಗುತ್ತದೆ, ಆಪರೇಷನ್ ಎಳೆಯುತ್ತದೆ. ಬೋರ್ಡಿನಲ್ಲಿ 5:30 ಇದ್ದು ಶುರುವಾಗುವುದು 6:10ಕ್ಕಾದರೆ ಆ 40 ನಿಮಿಷ ಒಬ್ಬರ ತಲೆಗೆ ಮುಗಿಯುವುದಿಲ್ಲ. ಆ ಸಂಜೆ ಬಂದ ಪ್ರತಿಯೊಬ್ಬರ ಲೆಕ್ಕಕ್ಕೂ ಸೇರುತ್ತದೆ. 40 ಜನ, ತಲಾ 40 ನಿಮಿಷ: ಒಟ್ಟು 26 ಗಂಟೆಗೂ ಹೆಚ್ಚು. ಇದನ್ನು ಸರಿಪಡಿಸುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಎರಡು ವಾರವಾದ ಮೇಲೆ ಸರಾಸರಿಯ ಬದಲು ಮೀಡಿಯನ್ (ಎಲ್ಲರ ಸಮಯವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ನೋಡಿ, ಜೊತೆಗೆ ಪರ್ಸೆಂಟೈಲ್ ಫಂಕ್ಷನ್‌ಗೆ 0.9 ಕೊಟ್ಟು ಬರುವ ಸಂಖ್ಯೆ ನೋಡಿ. ಮೀಡಿಯನ್ 35 ನಿಮಿಷ ಇದ್ದು ಈ ಎರಡನೆಯದು 110 ಇದ್ದರೆ, ಹತ್ತರಲ್ಲಿ ಒಬ್ಬರು ಎರಡು ಗಂಟೆ ಹತ್ತಿರ ಕೂರುತ್ತಿದ್ದಾರೆ ಎಂದರ್ಥ. ಊರಲ್ಲಿ "ಆ ಕ್ಲಿನಿಕ್ಕಾ? ಹೋದ್ರೆ ದಿನಾನೇ ಹೋಯ್ತು" ಅನ್ನುವ ಮಾತು ಹುಟ್ಟುವುದು ಇವರಿಂದ.

ಎಷ್ಟು ಕುರ್ಚಿ ಬೇಕು ಎನ್ನುವುದಕ್ಕೂ ಇದೇ ಹಾಳೆ ಸಾಕು. ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಬಹಳ ಸರಳ: ಗಂಟೆಗೆ ಬರುವ ಜನ, ಒಬ್ಬರು ಕಾಯುವ ಗಂಟೆ, ಎರಡನ್ನೂ ಗುಣಿಸಿದರೆ ಯಾವುದೇ ಹೊತ್ತಿನಲ್ಲಿ ಹಾಲ್‌ನಲ್ಲಿರುವ ಸರಾಸರಿ ಜನ. ಗಂಟೆಗೆ 10 ಜನ, ಒಂದೂವರೆ ಗಂಟೆ ಕಾಯುವಿಕೆ: 15 ರೋಗಿಗಳು. ಜೊತೆಗೊಬ್ಬರು ಬಂದೇ ಬರುತ್ತಾರೆ, ಹಾಗಾಗಿ 30 ಕುರ್ಚಿ. ಕಾಯುವುದು ಅರ್ಧ ಗಂಟೆಗೆ ಇಳಿದರೆ ಹತ್ತು ಕುರ್ಚಿ ಸಾಕು. ದೊಡ್ಡ ಹಾಲ್‌ಗೆ ಬಾಡಿಗೆ ಹುಡುಕುವ ಮೊದಲು ಈ ಲೆಕ್ಕ ಹಾಕಿ.

ಪಾಳಿಗೆ ತಲೆ ಎಣಿಸಬೇಡಿ, ನಿಮಿಷ ಎಣಿಸಿ

ಹೆಚ್ಚಿನ ಸಾಫ್ಟ್‌ವೇರ್‌ಗಳು "ಒಂದು ಸ್ಲಾಟಿಗೆ ಎಷ್ಟು ಜನ?" ಅಂತ ಕೇಳುತ್ತವೆ. ಅಲ್ಲೇ ಎಡವುವುದು. ಮೊದಲ ಸಲ ಬಂದ ಸಕ್ಕರೆ ಕಾಯಿಲೆಯವರಿಗೆ 12 ನಿಮಿಷ ಹಿಡಿದರೆ, ಮಾತ್ರೆ ಮುಂದುವರಿಸಲು ಬಂದವರಿಗೆ 4 ಸಾಕು, ರಿಪೋರ್ಟ್ ತೋರಿಸುವವರಿಗೆ 3. ಮೂವರು ಹೊಸಬರು ಒಂದೇ ಪಾಳಿಗೆ ಬಿದ್ದರೆ ಅಂದಿನ ಸಂಜೆ ಪೂರ್ತಿ ಹಿಂದೆ ಬೀಳುತ್ತದೆ. ನಿಮ್ಮ ಹಾಳೆಯಿಂದಲೇ ಬಗೆಬಗೆಗೆ ಮೀಡಿಯನ್ ತೆಗೆದು, ಬುಕಿಂಗ್ ಮಾಡುವಾಗ ಪ್ರತಿ ಬಗೆಗೆ ಅದರ ನಿಮಿಷ ಹಿಡಿಯುವಂತೆ ಹೊಂದಿಸಿ. ಅಪಾಯಿಂಟ್‌ಮೆಂಟ್ ಬಗೆ, ಅವಧಿ ಎರಡನ್ನೂ ಜೋಡಿಸಲು ಬಿಡದ ಸಾಫ್ಟ್‌ವೇರ್ ಬೇಡ.

ಅರ್ಧ ಗಂಟೆಯ ಪಾಳಿಗೆ 30 ನಿಮಿಷವನ್ನೂ ತುಂಬಬೇಡಿ. ಸರಳ ಕ್ಯೂ ಲೆಕ್ಕದಲ್ಲಿ ಹೊರೆ (ಡಾಕ್ಟರ ಸಮಯದಲ್ಲಿ ತುಂಬಿದ ಪಾಲು) ಶೇ. 80 ಇದ್ದಾಗ ಡಾಕ್ಟರ ಮುಂದಿರುವವರನ್ನೂ ಸೇರಿಸಿ ಸರಾಸರಿ 4 ಜನ ಇದ್ದರೆ, ಶೇ. 90ಕ್ಕೆ 9, ಶೇ. 95ಕ್ಕೆ 19. ಕೊನೆಯ ಹತ್ತು ಹದಿನೈದು ಪರ್ಸೆಂಟ್ ತುಂಬುವ ಆಸೆಯೇ ಹಾಲ್ ತುಂಬಿಸುವುದು. ಮೊದಲೇ ಬುಕ್ ಮಾಡಿದವರಿಗೆ 20 ನಿಮಿಷ, ನೇರವಾಗಿ ಬರುವವರಿಗೆ 5, ಉಳಿದ 5 ಖಾಲಿ: ಇದು ಶುರು ಮಾಡಲು ಒಳ್ಳೆಯ ಪ್ರಮಾಣ. ನೇರ ಬರುವವರೇ ಹೆಚ್ಚಿರುವ ಕಡೆ, ಉದಾಹರಣೆಗೆ ಮಕ್ಕಳ ಕ್ಲಿನಿಕ್‌ನಲ್ಲಿ, ಇದನ್ನು ತಿರುವುಮುರುವು ಮಾಡಿ.

ಮೊದಲ ರೋಗಿ ಬರದೆ ಡಾಕ್ಟ್ರು ಖಾಲಿ ಕೂರುವ ಭಯಕ್ಕೆ ಹಳೆಯ ಮದ್ದೊಂದಿದೆ. ಸಂಶೋಧಕರಾದ ಬೈಲಿ ಮತ್ತು ವೆಲ್ಚ್ 1952ರಲ್ಲೇ ತೋರಿಸಿದಂತೆ, ಶುರುವಿಗೆ ಇಬ್ಬರನ್ನು ಕರೆಸಿ, ಉಳಿದವರನ್ನು ಒಬ್ಬೊಬ್ಬರಿಗೆ ಹಿಡಿಯುವ ಸರಾಸರಿ ಸಮಯದ ಅಂತರದಲ್ಲಿ ಕರೆಸಿ. ಹೆಚ್ಚುವರಿಯಾಗಿ ಬಂದ ಆ ಒಬ್ಬರಿಂದಲೇ ಡಾಕ್ಟರ ಕೈ ಖಾಲಿಯಾಗುವುದು ತಪ್ಪುತ್ತದೆ. ಐದೂವರೆಗೆ ಇಪ್ಪತ್ತು ಜನ ಬೇಕಿಲ್ಲ.

ನಮ್ಮ ಕಡೆ ನಿಮಿಷ ಹಿಡಿದು ಸಮಯ ಕೊಡುವುದು ನಡೆಯದು. "6:42ಕ್ಕೆ ಬನ್ನಿ" ಅಂದರೆ ಬಸ್ಸು ಕೇಳುವುದಿಲ್ಲ. "ಆರೂವರೆಯಿಂದ ಏಳರೊಳಗೆ" ಅನ್ನಿ. ಆ ಅರ್ಧ ಗಂಟೆಯೊಳಗೆ ಬಂದವರಿಗೆ ಬಂದ ಕ್ರಮದಲ್ಲೇ ಪಾಳಿ. ನಾಲ್ಕು ಗಂಟೆಗೇ ಬಂದು ಕೂತವರಿಗೆ ಮುಂಚೆ ಕರೆಯುವ ಲಾಭ ಸಿಗಬಾರದು. ಒಮ್ಮೆ ಸಿಕ್ಕಿತೋ, ಮುಂದಿನ ವಾರ ಎಲ್ಲರೂ ನಾಲ್ಕಕ್ಕೇ ಹಾಜರ್.

ಬುಕಿಂಗ್ ಫಾರ್ಮಿನಲ್ಲಿ ಎರಡು ಅಂಕಣ ಸೇರಿಸಿ: ಊರು, ಊರಿಗೆ ಕೊನೇ ಬಸ್ಸು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ಮಂಡ್ಯಕ್ಕೆ, ಎಚ್.ಡಿ. ಕೋಟೆ, ಸರಗೂರಿನಿಂದ ಮೈಸೂರಿಗೆ ಬಂದವರಿಗೆ ರಾತ್ರಿ ಒಂಬತ್ತರ ಪಾಳಿ ಕೊಟ್ಟರೆ ಅವರು ಏಳಕ್ಕೇ ಕೌಂಟರಿಗೆ ಬಂದು "ಅಮ್ಮಾ, ಬಸ್ ಹೊಂಟೋಗುತ್ತೆ, ಒಸಿ ಒಳಗೆ ಬಿಡಿ" ಅಂತ ಬೇಡುತ್ತಾರೆ. ರಿಸೆಪ್ಷನ್‌ನವರ ಮನಸ್ಸು ಕರಗಲೇಬೇಕು, ಕ್ರಮ ತಪ್ಪಲೇಬೇಕು. ದೂರದವರಿಗೆ ಮೊದಲ ಮೂರು ಪಾಳಿ, ಪಕ್ಕದ ಬೀದಿಯವರಿಗೆ ಎಂಟರ ಮೇಲಿನ ಪಾಳಿ ಅಂತ ಮೊದಲೇ ಹಂಚಿದರೆ ಆ ಬೇಡಿಕೆಯೇ ಏಳುವುದಿಲ್ಲ. ಇಷ್ಟು ಚಿಕ್ಕ ಬದಲಾವಣೆಯಿಂದ ಇಷ್ಟು ಜಗಳ ತಪ್ಪಿಸುವ ಇನ್ನೊಂದು ಉಪಾಯ ನಮಗೆ ಗೊತ್ತಿಲ್ಲ.

ರಿಪೋರ್ಟ್‌ನವರು, ಲ್ಯಾಬಿಗೆ ಹೋದವರು, ಕರೆದಾಗ ಇಲ್ಲದವರು

ಟೋಕನ್ ವ್ಯವಸ್ಥೆ ಕುಸಿಯುವುದು ಸಾಮಾನ್ಯವಾಗಿ ಬಾಗಿಲ ಬಳಿ. ಒಬ್ಬರು ಚೀಟಿ ಹಿಡಿದು ನಿಂತು "ಬರೀ ರಿಪೋರ್ಟ್ ತೋರ್ಸೋದು, ಎರಡೇ ನಿಮಿಷ" ಅನ್ನುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಕಾಂಪೌಂಡರ್ ಬಿಡುತ್ತಾ ಹೋದರೆ ಟೋಕನ್ 14 ಇಪ್ಪತ್ತು ನಿಮಿಷ ಕದಲುವುದಿಲ್ಲ, ಕೂತವರಿಗೆ ಯಾಕೆಂದು ತಿಳಿಯುವುದಿಲ್ಲ, ಗಲಾಟೆ.

ಇವರಿಗೆ ಬೇರೆ ಸರಣಿ ಕೊಡಿ: ಮುಖ್ಯ ಸಾಲು 1, 2, 3, ರಿಪೋರ್ಟ್ ಸಾಲು ಆರ್ 1, ಆರ್ 2. ಮುಖ್ಯ ಸಾಲಿನ ಮೂವರಾದ ಮೇಲೆ ರಿಪೋರ್ಟಿನ ಒಬ್ಬರು ಅಂತ ಸಾಫ್ಟ್‌ವೇರಿನಲ್ಲೇ ನಿಯಮ ಕೂರಿಸಿ. ರಿಪೋರ್ಟಿನವರಿಗೇ ಪೂರ್ಣ ಆದ್ಯತೆ ಕೊಟ್ಟರೆ, ಲ್ಯಾಬ್ ರಿಪೋರ್ಟುಗಳೆಲ್ಲ ಒಟ್ಟಿಗೆ ಬರುವ ಏಳು ಗಂಟೆಯ ಹೊತ್ತಿಗೆ ಮುಖ್ಯ ಸಾಲು ನಿಂತೇ ಹೋಗುತ್ತದೆ. ಟಿ.ವಿ.ಯಲ್ಲಿ ಎರಡೂ ಸಾಲು ಕಾಣಬೇಕು.

ಪ್ರತಿ ಟೋಕನ್ನಿಗೂ ಆರು ಸ್ಥಿತಿ ಇರಲೇಬೇಕು: ಬುಕ್ ಆಗಿದೆ, ಬಂದಿದ್ದಾರೆ, ಒಳಗಿದ್ದಾರೆ, ಲ್ಯಾಬ್ ಅಥವಾ ಇ.ಸಿ.ಜಿ.ಗೆ ಹೋಗಿದ್ದಾರೆ, ಮುಗಿಯಿತು, ಬರಲಿಲ್ಲ. ನಾಲ್ಕನೆಯದು ಇಲ್ಲದ ಅಗ್ಗದ ಆಪ್‌ಗಳಲ್ಲಿ, ಇ.ಸಿ.ಜಿ. ಮಾಡಿಸಿ ಬಂದವರು ಮತ್ತೆ ಹೊಸ ಟೋಕನ್ ತೆಗೆದುಕೊಂಡು ಕೊನೆಗೆ ಕೂರಬೇಕಾಗುತ್ತದೆ. ಅವರು ವಾಪಸ್ ಬಂದಾಗ ಮುಂದಿನ ಒಬ್ಬರಾದ ಮೇಲೆ ಒಳಗೆ ಹೋಗುವಂತಿರಲಿ.

ಕರೆದಾಗ ಇಲ್ಲದವರ ವಿಷಯಕ್ಕೂ ಒಂದೇ ನಿಯಮ, ಗೋಡೆಗೆ ಅಂಟಿಸಿ: ಮೂರು ಸಲ ಕರೆದು ಬರದಿದ್ದರೆ ಮೂರು ಸ್ಥಾನ ಹಿಂದೆ, ಎರಡನೇ ಸಲವೂ ಇಲ್ಲದಿದ್ದರೆ ಆ ಪಾಳಿಯ ಕೊನೆ. ಟೀ ಕುಡಿಯಲು ಹೋದ ಅಜ್ಜನನ್ನು ರಾತ್ರಿ ಒಂಬತ್ತಕ್ಕೆ ತಳ್ಳುವುದು ನ್ಯಾಯವಲ್ಲ. ಬಂದ ಕೂಡಲೇ ಒಳಗೆ ಬಿಟ್ಟರೆ ಕೂತವರಿಗೆ ಅನ್ಯಾಯ.

ತುರ್ತು ಯಾವುದು ಅನ್ನುವುದನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಎದೆನೋವು, ಏದುಸಿರು, ಮಂಪರು, ಫಿಟ್ಸ್, ನಿಲ್ಲದ ರಕ್ತ, ಮುಖ ಸೊಟ್ಟಗಾಗಿ ಮಾತು ತೊದಲುವುದು, ಹಾವು ಕಡಿದದ್ದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಗರ್ಭಿಣಿಗೆ ರಕ್ತಸ್ರಾವ: ಈ ಪಟ್ಟಿ ದೊಡ್ಡಕ್ಷರದಲ್ಲಿ ಕೌಂಟರಿನ ಒಳಗಡೆ ಇರಲಿ. ಇವರಿಗೆ ಟೋಕನ್ ಇಲ್ಲ. ಸೀದಾ ನರ್ಸ್ ಬಳಿಗೆ, ನಿಮ್ಮಲ್ಲಿ ಆಗದ್ದಾದರೆ 108ಕ್ಕೆ. ಸಾಫ್ಟ್‌ವೇರಿನಲ್ಲಿ ಬೇಕಾದದ್ದು ಒಂದೇ ಬಟನ್. ಅದನ್ನು ಒತ್ತಿದರೆ ಟಿ.ವಿ.ಯಲ್ಲಿ "ತುರ್ತು ಚಿಕಿತ್ಸೆ ನಡೆದಿದೆ, ಸುಮಾರು 15 ನಿಮಿಷ ತಡ" ಅಂತ ಬರಬೇಕು. ಕಾರಣ ಗೊತ್ತಿದ್ದರೆ ಜನ ಸಹಿಸುತ್ತಾರೆ.

ಯಾವ ಸಾಫ್ಟ್‌ವೇರ್

ದಿನಕ್ಕೆ 30 ಜನರ ಒಳಗಿನ, ಒಬ್ಬರೇ ಡಾಕ್ಟ್ರಿರುವ ಕ್ಲಿನಿಕ್ಕಿಗೆ ಹಂಚಿಕೊಂಡ ಗೂಗಲ್ ಶೀಟೇ ಸಾಕು: ಕೌಂಟರಿನಲ್ಲಿ ಒಂದು, ಡಾಕ್ಟರ ಟ್ಯಾಬ್‌ನಲ್ಲಿ ಒಂದು. ಅದಕ್ಕಿಂತ ಹೆಚ್ಚು ಜನ ಬರುವ ಕಡೆ ಟೋಕನ್ ಆಪ್. ಮೂರು ನಾಲ್ಕು ಡಾಕ್ಟ್ರು, ಲ್ಯಾಬ್, ಫಾರ್ಮಸಿ ಎಲ್ಲ ಇದ್ದರೆ ಮಾತ್ರ ಪೂರ್ಣ ಆಸ್ಪತ್ರೆ ಸಾಫ್ಟ್‌ವೇರ್. ಓಪನ್‌ಎಂಆರ್‌ಎಸ್, ಬಾಹ್ಮ್ನಿಯಂಥ (Bahmni) ಮುಕ್ತ ತಂತ್ರಾಂಶಗಳೂ ಇವೆ. ಪರವಾನಗಿಗೆ ದುಡ್ಡಿಲ್ಲದಿದ್ದರೂ ಕೂರಿಸಿ ನೋಡಿಕೊಳ್ಳುವವರು ಬೇಕೇ ಬೇಕು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಸ್ಕ್ಯಾನ್ ಅಂಡ್ ಶೇರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕೌಂಟರಿನ ಕ್ಯೂಆರ್ ಕೋಡನ್ನು ರೋಗಿ ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ, 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆಗೆ ಸೇರಿದ ಹೆಸರು, ವಯಸ್ಸು, ವಿಳಾಸ ಆಸ್ಪತ್ರೆಯ ಸಾಫ್ಟ್‌ವೇರಿಗೆ ಬಂದು ಟೋಕನ್ ಸಿಗುತ್ತದೆ. ಹೊರರೋಗಿ ಚೀಟಿಗೇ ನೂರಾರು ಜನ ಸಾಲು ನಿಲ್ಲುವ ದೊಡ್ಡ ಆಸ್ಪತ್ರೆಗೆ ಇದು ವರದಾನ. ಆದರೆ ಇದು ಚೀಟಿ ಬರೆಸುವ ಸಾಲನ್ನು ಮಾತ್ರ ಕರಗಿಸುತ್ತದೆ. ಚೀಟಿ ಬೇಗ ಸಿಕ್ಕಷ್ಟೂ ಡಾಕ್ಟರ ಬಾಗಿಲ ಮುಂದಿನ ಸಾಲು ಬೇಗ ಬೆಳೆಯುತ್ತದೆ. ಎರಡನ್ನೂ ಬೇರೆ ಬೇರೆ ಅಳೆಯಿರಿ. ಬಟನ್ ಫೋನ್ ಇರುವವರಿಗೆ ಕೌಂಟರಿನ ದಾರಿ ತೆರೆದೇ ಇರಲಿ.

ಡೆಮೋಗೆ ಬಂದವರ ಪವರ್‌ಪಾಯಿಂಟ್ ನೋಡುತ್ತಾ ಕೂರಬೇಡಿ. ನೀವೇ ಹೀಗೆ ಮಾಡಿ: ವೈಫೈ ಆರಿಸಿ ಐದು ಟೋಕನ್ ಕೊಡಿ, ಮತ್ತೆ ಹಾಕಿ, ಐದೂ ಸರಿಯಾಗಿ ಸೇರಿದವೇ ನೋಡಿ. ಒಂದೇ ಮೊಬೈಲ್ ನಂಬರಿಗೆ ಅತ್ತೆ, ಸೊಸೆ, ಮಗು ಮೂವರನ್ನೂ ನೋಂದಾಯಿಸಿ. ಮನೆಗೊಂದೇ ಫೋನ್ ಇರುವ ಕಡೆ ಮೊಬೈಲ್ ನಂಬರನ್ನೇ ಗುರುತು ಮಾಡಿಕೊಂಡ ಸಾಫ್ಟ್‌ವೇರ್ ಮೂವರ ಫೈಲನ್ನೂ ಒಂದು ಮಾಡಿಬಿಡುತ್ತದೆ, ಅದು ಔಷಧಿ ತಪ್ಪುವವರೆಗೂ ಹೋಗಬಹುದು. ತಪ್ಪಾಗಿ "ಮುಗಿಯಿತು" ಒತ್ತಿದ್ದನ್ನು ಹಿಂದಕ್ಕೆ ತನ್ನಿ. ಎಲ್ಲ ಸಮಯಗಳನ್ನೂ ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಟ್ಟಿ) ಇಳಿಸಿಕೊಳ್ಳಿ. ಡಾಕ್ಟ್ರಿಗೆ "ಮುಂದಿನವರು" ಎಂಬ ಒಂದೇ ಬಟನ್ ಸಾಕು. ಎರಡು ಸಲ ಒತ್ತಬೇಕಾದರೆ ಹದಿನೈದನೇ ರೋಗಿಯ ಹೊತ್ತಿಗೆ ಒತ್ತುವುದನ್ನೇ ಬಿಡುತ್ತಾರೆ, ಅಲ್ಲಿಗೆ ಬೋರ್ಡ್ ಸುಳ್ಳಾಗುತ್ತದೆ.

ಟಿ.ವಿ., ಪ್ರಿಂಟರ್, ದನಿ, ಸಂದೇಶ

32 ಇಂಚಿನ ಟಿ.ವಿ., ಅದಕ್ಕೊಂದು ಆಂಡ್ರಾಯ್ಡ್ ಬಾಕ್ಸ್, 80 ಮಿ.ಮೀ. ಥರ್ಮಲ್ ಪ್ರಿಂಟರ್. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೂಟರ್ ನೇರ ಕರೆಂಟಿನಲ್ಲಿದ್ದರೆ, ಕರೆಂಟ್ ಹೋದಾಗ ಎಲ್ಲವೂ ಹೋದಂತೆಯೇ. ರೂಟರ್, ಪ್ರಿಂಟರ್ ಎರಡನ್ನೂ ಯುಪಿಎಸ್‌ಗೆ ಕೊಡಿ. ಅಗ್ಗದ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರ ಇರುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳು ಉದುರುತ್ತವೆ. ಚೀಟಿಯನ್ನು ಚಿತ್ರವಾಗಿ ಕಳಿಸಲು ಸಾಫ್ಟ್‌ವೇರ್‌ನವರಿಗೆ ಹೇಳಿ. ಟೋಕನ್ ಸಂಖ್ಯೆ ಕನಿಷ್ಠ ಎರಡು ಸೆಂಟಿಮೀಟರ್ ಎತ್ತರ ಇರಲಿ, ಕನ್ನಡಕ ಮರೆತು ಬಂದವರೂ ಓದಬೇಕು.

ದನಿಯಲ್ಲಿ ಕರೆಯುವುದು ಟಿ.ವಿ.ಗಿಂತ ಮುಖ್ಯ, ಓದು ಬಾರದವರು ಇದ್ದೇ ಇರುತ್ತಾರೆ. ಒಂದರಿಂದ ನೂರರವರೆಗೆ ಪ್ರತಿ ಸಂಖ್ಯೆಯನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಸಿ. "ಇಪ್ಪತ್ತು", "ಒಂದು" ಎರಡನ್ನು ಜೋಡಿಸಿದರೆ "ಇಪ್ಪತ್ತೊಂದು" ಆಗುವುದಿಲ್ಲ, ಕೇಳುವವರು ಟೋಕನ್ ಇಪ್ಪತ್ತು ಅಂತ ಎದ್ದುಬಿಡುತ್ತಾರೆ. ಹೆಸರು ಹಿಡಿದು ಕರೆಯಬೇಡಿ. "ಶಿವಣ್ಣ" ಅಂದರೆ ಮೂವರು ಏಳುತ್ತಾರೆ. ಅದಕ್ಕಿಂತ ದೊಡ್ಡ ಮಾತು, ಚರ್ಮರೋಗ, ಮನೋರೋಗ, ಸ್ತ್ರೀರೋಗದ ಕ್ಲಿನಿಕ್‌ಗಳಲ್ಲಿ ಹೆಸರು ಹಾಲ್‌ನಲ್ಲಿ ಕೇಳಿಸಲೇಬಾರದು. ರೋಗಿಯ ಮಾಹಿತಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವಂಥದು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಅಭ್ಯಾಸವನ್ನು ಇಂದೇ ಬಿಡಿ.

ಎಸ್‌ಎಂಎಸ್ ಕಳಿಸುವುದಾದರೆ ಕಳಿಸುವವರ ಹೆಸರು, ಸಂದೇಶದ ನಮೂನೆ ಎರಡನ್ನೂ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ಜಾಲತಾಣ) ನೋಂದಾಯಿಸಬೇಕು. ನೋಂದಾಯಿಸಿದ ನಮೂನೆಗಿಂತ ಬೇರೆ ಸಂದೇಶ ಹೋಗುವುದಿಲ್ಲ. ಕನ್ನಡ ಎಸ್‌ಎಂಎಸ್‌ಗೆ ಒಂದರಲ್ಲಿ 70 ಯೂನಿಟ್ ಮಾತ್ರ, ದಾಟಿದರೆ ತಲಾ 67ರ ತುಂಡುಗಳಾಗಿ ದುಡ್ಡು ದುಪ್ಪಟ್ಟು. ಗುಣಿತ, ಒತ್ತು, ಅನುಸ್ವಾರ ಎಲ್ಲವೂ ಬೇರೆ ಬೇರೆ ಎಣಿಕೆ: "ನ್ನಿ" ಕಣ್ಣಿಗೆ ಒಂದು, ಲೆಕ್ಕಕ್ಕೆ ನಾಲ್ಕು. "ಟೋಕನ್ 27. ಸಂಜೆ 6:30ರಿಂದ 7ರೊಳಗೆ ಬನ್ನಿ. ತಡವಾದರೆ ತಿಳಿಸುತ್ತೇವೆ." ಇದು 59, ಕ್ಲಿನಿಕ್ಕಿನ ಪುಟ್ಟ ಹೆಸರಿಗೆ 11 ಉಳಿಯಿತು. ವಾಟ್ಸಾಪ್ ಬಿಸಿನೆಸ್ ಎಪಿಐಯಲ್ಲಿ (ಸಾಫ್ಟ್‌ವೇರ್ ಮೂಲಕವೇ ವಾಟ್ಸಾಪ್ ಕಳಿಸುವ ವ್ಯವಸ್ಥೆ) ನೀವಾಗಿ ಕಳಿಸುವ ಸಂದೇಶದ ನಮೂನೆಗೆ ಮೊದಲೇ ಒಪ್ಪಿಗೆ ಪಡೆಯಬೇಕು. ರೋಗಿಯೇ ಸಂದೇಶ ಹಾಕಿದರೆ ಮುಂದಿನ 24 ಗಂಟೆ ಮುಕ್ತವಾಗಿ ಉತ್ತರಿಸಬಹುದು.

ಮೂರು ಸಂದೇಶ ಸಾಕು: ಬುಕ್ ಆದಾಗ, ಮುಂದೆ ಐದು ಜನ ಇದ್ದಾಗ, ಡಾಕ್ಟ್ರು 20 ನಿಮಿಷಕ್ಕಿಂತ ತಡವಾದಾಗ. ಮೂರನೆಯದನ್ನು ಕಳಿಸಲು ಕ್ಲಿನಿಕ್‌ನವರು ಹಿಂಜರಿಯುತ್ತಾರೆ. ಮನೆಯಲ್ಲೇ ಕೂತು ಅರ್ಧ ಗಂಟೆ ತಡವಾಗಿ ಹೊರಡಬಹುದು ಎಂದು ತಿಳಿದವರಿಗೆ ಆಗುವ ಉಪಕಾರ ದೊಡ್ಡದು, ಖಂಡಿತ ಕಳಿಸಿ. ಕಾಯುವ ಅಂದಾಜು ತೋರಿಸುವಾಗ ಕೊನೆಯ ಹತ್ತು ರೋಗಿಗಳ ಮೀಡಿಯನ್ ಹಿಡಿದು ಮುಂದಿರುವವರಿಂದ ಗುಣಿಸಿ, "25ರಿಂದ 40 ನಿಮಿಷ" ಅಂತ ವ್ಯಾಪ್ತಿಯಾಗಿ ಕೊಡಿ. ಡಾಕ್ಟ್ರು ಬಂದು ಕೂರುವವರೆಗೆ ಯಾವ ಅಂದಾಜನ್ನೂ ತೋರಿಸಬೇಡಿ.

ನಮ್ಮೋರು

ಡಾಕ್ಟರ ಸ್ನೇಹಿತರು, ಕೌನ್ಸಿಲರ್ ಕಡೆಯವರು, ಕಾಂಪೌಂಡರ್‌ನ ಊರಿನವರು, ಬ್ಯಾಗ್ ಹಿಡಿದ ಮೆಡಿಕಲ್ ರೆಪ್‌ಗಳು. ಇವರನ್ನು ಪೂರ್ತಿ ತಡೆಯುತ್ತೇವೆ ಅಂದುಕೊಂಡ ವ್ಯವಸ್ಥೆ ಬಾಳುವುದಿಲ್ಲ. ಒಂದು ಸಂಜೆಗೆ ಡಾಕ್ಟರ ಹೆಸರಿನಲ್ಲೇ ಎರಡು ಟೋಕನ್ ಖಾಲಿ ಬಿಡಿ, ಅದಕ್ಕಿಂತ ಹೆಚ್ಚಾದರೆ ನಾಳೆಗೆ. ರೆಪ್‌ಗಳಿಗೆ ಕೊನೆಯ ಹತ್ತು ನಿಮಿಷ. ಕ್ರಮ ತಪ್ಪಿಸಿ ಕರೆದಾಗಲೆಲ್ಲ ಸಾಫ್ಟ್‌ವೇರ್ ಕಾರಣ ಕೇಳಲಿ, ಆ ಪಟ್ಟಿ ಶನಿವಾರ ಡಾಕ್ಟರ ಮೇಜಿಗೆ ಹೋಗಲಿ. ಬೈಗುಳ ತಿನ್ನುವವರು ಯಾವಾಗಲೂ ರಿಸೆಪ್ಷನ್‌ನವರು. "ನಾನೇನ್ ಮಾಡ್ಲಿ ಯಜಮಾನ್ರೇ, ಕಂಪ್ಯೂಟರ್ ಬಿಡಲ್ಲ" ಅನ್ನುವ ಆಸರೆ ಅವರಿಗೆ ಸಿಗಬೇಕು.

ಸೋಮವಾರ ಶುರು ಮಾಡಬೇಡಿ, ಭಾನುವಾರ ತಡೆದುಕೊಂಡವರೆಲ್ಲ ಅಂದೇ ಬರುತ್ತಾರೆ. ಬುಧವಾರ ಒಳ್ಳೆಯದು. ಮೊದಲ ಎರಡು ವಾರ ಹಳೆಯ ಟೋಕನ್ ಪುಸ್ತಕವೂ ಜೊತೆಗಿರಲಿ, ಗಂಟೆಗೊಮ್ಮೆ ಬಾಕಿ ಪಟ್ಟಿ ಪ್ರಿಂಟ್ ತೆಗೆದಿಡಿ. ಸರ್ವರ್ ಕೈಕೊಟ್ಟರೆ ಆ ಹಾಳೆ ಹಿಡಿದೇ ಮುಂದುವರಿಯಬಹುದು. ಮೊದಲ ವಾರ ಹಾಲ್‌ನಲ್ಲಿ ಒಬ್ಬರು ನಿಂತು, ಬಂದವರಿಗೆಲ್ಲ ಪಾಳಿ ಅಂದರೇನು ಅಂತ ಬಾಯಿಬಿಟ್ಟು ಹೇಳಬೇಕು.

ತಿಂಗಳಾದ ಮೇಲೆ ಮೊದಲಿನ ಹಾಳೆಯನ್ನೇ ಮತ್ತೆ ಮಾಡಿ. ಮೀಡಿಯನ್ ಇಳಿದಿಲ್ಲವೆಂದರೆ ಮೂರು ಕಡೆ ಹುಡುಕಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಬರುವವರು ಹೆಚ್ಚಿದ್ದರೆ, ಮುಂಚೆ ಬಂದವರಿಗೆ ಎಲ್ಲೋ ಲಾಭ ಸಿಗುತ್ತಿದೆ. ಪಾಳಿಗಳು ಏಳೂವರೆಯ ನಂತರ ಮಾತ್ರ ಜಾರುತ್ತಿದ್ದರೆ, ಹೊಸಬರಿಗೆ ಹಿಡಿದ ನಿಮಿಷ ಕಡಿಮೆಯಾಗಿದೆ, ಎರಡು ಹೆಚ್ಚಿಸಿ. ಮೊದಲ ರೋಗಿಯಿಂದಲೇ ತಡವಾಗಿದ್ದರೆ, ಡಾಕ್ಟ್ರು ನಿಜವಾಗಿ ಶುರು ಮಾಡಿದ ಹೊತ್ತಿನ ಮೀಡಿಯನ್ ತೆಗೆಯಿರಿ. ಅದು 6:05 ಬಂದರೆ ಹೊರಗಿನ ಬೋರ್ಡ್ ಇಳಿಸಿ 5:30 ಅಳಿಸಿ 6:15 ಅಂತ ಬರೆಸಿ, ಮೊದಲ ಪಾಳಿಯನ್ನು ಅಲ್ಲಿಂದಲೇ ತೆರೆಯಿರಿ.